ಗೋಡೆಯಿಂದ ಇಳಿದು ಬಾ ಎನ್ನುವವರ ನಡುವೆ

(ಸಭಾಸೇವೆಯಲ್ಲಿರುವವರಿಗಾಗಿ ನಡೆದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಅವಸರವಾಗಿ ದಾಟಿಹೋದ ಕೆಲವು ವಾಕ್ಯಭಾಗಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಪ್ರಿಯ ಸಹೋದರ ಸಹೋದರಿಯರೇ,

ನೆಹೆಮೀಯನ ಪುಸ್ತಕದ ಆರನೆಯ ಅಧ್ಯಾಯವನ್ನು ತೆರೆಯಿರಿ. ಹಾಳುಬಿದ್ದಿದ್ದ ಯೆರೂಸಲೇಮಿನ ಗೋಡೆಯನ್ನು ನೆಹೆಮೀಯ ಜನರೊಂದಿಗೆ ಮತ್ತೆ ಕಟ್ಟಿಸುತ್ತಿದ್ದಾನೆ, ಅದು ಹೆಚ್ಚುಕಡಿಮೆ ಎದ್ದು ನಿಂತಿದೆ. ಬಿರುಕುಗಳೆಲ್ಲ ಮುಚ್ಚಿವೆ, ಹೆಬ್ಬಾಗಿಲುಗಳಿಗೆ ಕದ ಹಚ್ಚುವುದಷ್ಟೇ ಬಾಕಿ. ಆಗ ಈ ಕೆಲಸವನ್ನು ವಿರೋಧಿಸುತ್ತಿದ್ದ ಸನ್ಬಲ್ಲಟನೂ ಗೆಷೆಮನೂ ಒಂದು ಮಾತು ಹೇಳಿ ಕಳಿಸುತ್ತಾರೆ: ಓನೋ ಬಯಲಿನ ಒಂದು ಊರಿನಲ್ಲಿ ಸೇರೋಣ, ಬಾ. ಕೇಳುವುದಕ್ಕೆ ಒಳ್ಳೆಯ ಮಾತೇ. ಇಷ್ಟು ದಿನ ಗೇಲಿ ಮಾಡಿದವರು, ದಂಡೆತ್ತಿ ಬರುತ್ತೇವೆಂದು ಹೆದರಿಸಿದವರು, ಈಗ ಕೂತು ಮಾತಾಡೋಣ ಎನ್ನುತ್ತಿದ್ದಾರೆ. ಓನೋ ಇದ್ದದ್ದು ಯೆರೂಸಲೇಮಿನ ವಾಯವ್ಯಕ್ಕೆ, ಲೋದಿನ ಹತ್ತಿರ. ಆ ಕಾಲದಲ್ಲಿ ಹೋಗಿಬರಲು ಕಡಿಮೆಯೆಂದರೂ ಎರಡು ಮೂರು ದಿನ ಬೇಕು. ಆ ಎರಡು ಮೂರು ದಿನ ಗೋಡೆಯ ಮೇಲೆ ನೆಹೆಮೀಯ ಇರುವುದಿಲ್ಲ.

ಅವನ ಉತ್ತರ ಚಿಕ್ಕದು. ನಾನು ದೊಡ್ಡ ಕೆಲಸದಲ್ಲಿದ್ದೇನೆ, ಇಳಿದು ಬರಲಾರೆ. ನಾನು ಬಿಟ್ಟು ಬಂದು ಕೆಲಸವನ್ನು ಯಾಕೆ ನಿಲ್ಲಿಸಬೇಕು? ಅವರು ನಾಲ್ಕು ಸಲ ಹೇಳಿ ಕಳಿಸಿದರು. ನಾಲ್ಕು ಸಲವೂ ಅವನು ಅದನ್ನೇ ಹೇಳಿದ. ಹೊಸ ವಾದ ಹುಡುಕಲಿಲ್ಲ, ನಾಲ್ಕನೆಯ ಸಲ ಸಿಟ್ಟಾಗಲೂ ಇಲ್ಲ.

ನಾನು ಇವತ್ತು ಹೇಳಬೇಕೆಂದಿರುವುದು ಇದರಲ್ಲೇ ಇದೆ. ಆತ್ಮಿಕ ವಿರೋಧ ಎಂದಾಗ ನಮಗೆ ಥಟ್ಟನೆ ನೆನಪಾಗುವುದು ಹಿಂಸೆ, ಸೆರೆಮನೆ, ಕಲ್ಲೇಟು. ಅವು ನಿಜ. ಲೋಕದ ಎಷ್ಟೋ ಕಡೆ ನಮ್ಮ ಸಹೋದರರು ಅದನ್ನು ಈ ಹೊತ್ತಿಗೂ ಅನುಭವಿಸುತ್ತಿದ್ದಾರೆ. ಆದರೆ ಕರೆಯನ್ನು ಬಿಟ್ಟುಹೋದ ಹೆಚ್ಚಿನವರನ್ನು ಯಾರೂ ಹೊಡೆದು ಬಿಡಿಸಿದ್ದಲ್ಲ. ಅವರನ್ನು ಏನೋ ಒಂದು ಕಾರಣಕ್ಕೆ ಗೋಡೆಯಿಂದ ಕೆಳಗೆ ಕರೆಯಲಾಯಿತು, ಅವರು ಇಳಿದುಹೋದರು. ನೀವು ಕ್ರಿಸ್ತನನ್ನು ಅಲ್ಲಗಳೆಯಬೇಕೆಂದು ಎದುರಾಳಿ ಹಟ ಹಿಡಿಯಬೇಕಾಗಿಲ್ಲ. ನಿಮ್ಮ ಕೈಯಲ್ಲಿದ್ದ ಕೆಲಸ ನಿಂತರೆ ಅವನಿಗೆ ಅಷ್ಟೇ ಸಾಕು.

ಕರೆ ಎಂದಾಗ ನಾನು ಪ್ರಸಂಗಪೀಠವೊಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿಲ್ಲ. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವವರು, ಹಾಸಿಗೆ ಹಿಡಿದವರನ್ನು ಭೇಟಿಮಾಡಿ ಪ್ರಾರ್ಥಿಸುವವರು, ಕಚೇರಿಯಲ್ಲಿ ಲಂಚ ಮುಟ್ಟದೆ ಕೂತಿರುವವರು, ಅವಿಶ್ವಾಸಿ ಕುಟುಂಬದಲ್ಲಿ ಒಬ್ಬರೇ ವಿಶ್ವಾಸಿಯಾಗಿ ಬದುಕುತ್ತಿರುವವರು, ಇವರಿಗೆಲ್ಲ ಕರೆ ಇದೆ. ನೆಹೆಮೀಯ ಯಾಜಕನೂ ಅಲ್ಲ, ಪ್ರವಾದಿಯೂ ಅಲ್ಲ. ಪರ್ಷಿಯದ ಅರ್ತಷಸ್ತ ರಾಜನ ಪಾನಸೇವಕನಾಗಿದ್ದವನು.

ಆರನೆಯ ಅಧ್ಯಾಯಕ್ಕೆ ಬರುವ ಮೊದಲು ಏನೇನಾಯಿತು ನೋಡಿ. ಎರಡನೆಯ ಅಧ್ಯಾಯದಲ್ಲಿ ಇದೇ ವಿರೋಧಿಗಳು ನಗೆಯಾಡಿದರು. ನಾಲ್ಕನೆಯದರಲ್ಲಿ ಅವರಲ್ಲೊಬ್ಬನಾದ ಟೋಬೀಯ, ಇವರು ಕಟ್ಟುವ ಗೋಡೆಯ ಮೇಲೆ ನರಿ ಹತ್ತಿದರೂ ಕುಸಿದೀತು ಎಂದ. ಆಮೇಲೆ ದಾಳಿಯ ಸಂಚು. ಅದಕ್ಕೆ ನೆಹೆಮೀಯ ಪ್ರಾರ್ಥನೆಯನ್ನೂ ಮಾಡಿದ, ಹಗಲು ರಾತ್ರಿ ಕಾವಲನ್ನೂ ಇಟ್ಟ. ಹೊರೆ ಹೊರುವವರು ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ಆಯುಧ ಹಿಡಿದರು. ಪ್ರಾರ್ಥನೆ ಮಾಡಿದ್ದೇವೆ, ಇನ್ನು ಕಾವಲು ಯಾಕೆ ಎಂದು ಅವನು ಕೇಳಲಿಲ್ಲ.

ಐದನೆಯ ಅಧ್ಯಾಯ ನಮ್ಮ ಪ್ರಸಂಗಗಳಲ್ಲಿ ಅಪರೂಪ. ನನಗೆ ಆ ಇಡೀ ಪುಸ್ತಕದಲ್ಲಿ ಅತಿ ಕಷ್ಟದ ಅಧ್ಯಾಯ ಅದೇ ಅನ್ನಿಸುತ್ತದೆ. ಗೋಡೆ ಕಟ್ಟುತ್ತಿದ್ದ ಬಡವರೂ ಅವರ ಹೆಂಡಂದಿರೂ ಎದ್ದು ಗೋಳಿಟ್ಟರು. ವೈರಿಗಳ ಮೇಲಿನ ದೂರಲ್ಲ ಅದು. ಸ್ವಂತ ಸಹೋದರರ ಮೇಲಿನ ದೂರು. ಬರಗಾಲದಲ್ಲಿ ಹೊಟ್ಟೆಗಾಗಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಅಡವಿಟ್ಟಿದ್ದೇವೆ. ಅರಸನ ಕಂದಾಯ ಕಟ್ಟಲು ಸಾಲ ಮಾಡಿದ್ದೇವೆ. ಮಕ್ಕಳನ್ನು ಜೀತಕ್ಕೆ ಬಿಡಬೇಕಾಗಿದೆ ಎಂದರು. ಸಾಲ ಕೊಟ್ಟು ಬಡ್ಡಿ ತಿನ್ನುತ್ತಿದ್ದವರು ಅದೇ ಗೋಡೆಯೊಳಗೆ ಇದ್ದ ಶ್ರೀಮಂತರು. ಸನ್ಬಲ್ಲಟನ ಸೈನ್ಯ ಒಂದು ಕಲ್ಲನ್ನೂ ಕದಲಿಸಿರಲಿಲ್ಲ. ಈ ಬಡ್ಡಿ ಇಡೀ ಕೆಲಸವನ್ನೇ ನಿಲ್ಲಿಸಬಹುದಿತ್ತು. ನೆಹೆಮೀಯ ಬಹಳ ಕೋಪಗೊಂಡ, ಮನಸ್ಸಿನಲ್ಲೇ ಆಲೋಚಿಸಿದ, ಆಮೇಲೆ ದೊಡ್ಡವರನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದ. ಅಡವು ಹಿಂದಿರುಗಿತು, ಬಡ್ಡಿಯೂ ಹಿಂದಿರುಗಿತು. ಅವನಂತೂ ದೇಶಾಧಿಪತಿಗೆ ಸಲ್ಲಬೇಕಾದ ಆಹಾರದ ಭತ್ಯವನ್ನು 12 ವರ್ಷ ತೆಗೆದುಕೊಳ್ಳಲೇ ಇಲ್ಲ. ಅವನಿಗಿಂತ ಮುಂಚಿನ ಅಧಿಪತಿಗಳು ಆಹಾರ, ದ್ರಾಕ್ಷಾರಸದ ಜೊತೆಗೆ 40 ಶೆಕೆಲ್ ಬೆಳ್ಳಿಯನ್ನೂ ಜನರಿಂದ ವಸೂಲಿ ಮಾಡುತ್ತಿದ್ದರು.

ಸಭೆಯ ಹಣದ ಲೆಕ್ಕ ಸರಿಯಿಲ್ಲದಿದ್ದರೆ, ಸೇವೆಯ ಹೆಸರಿನಲ್ಲಿ ಬಡ ವಿಶ್ವಾಸಿಯನ್ನು ಹಿಂಡುತ್ತಿದ್ದರೆ, ಅದನ್ನು ಬಿಟ್ಟು ಹೊರಗಿನ ಸೈತಾನನ ವಿರುದ್ಧ ಎಷ್ಟು ಉಪವಾಸ ಪ್ರಾರ್ಥನೆ ಇಟ್ಟರೂ ಪ್ರಯೋಜನವಿಲ್ಲ. ಇದನ್ನು ಸೇವಕರ ಕೂಟದಲ್ಲಿ ಹೇಳುವುದು ಸುಲಭವಲ್ಲ. ಹೇಳದೆ ಇರುವುದಂತೂ ತಪ್ಪು.

ಈಗ ಆರನೆಯ ಅಧ್ಯಾಯಕ್ಕೆ ಹಿಂದಿರುಗೋಣ. ಐದನೆಯ ಸಲ ಸನ್ಬಲ್ಲಟ ಮುದ್ರೆಯಿಲ್ಲದ ಪತ್ರ ಕಳಿಸಿದ. ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ಪತ್ರ. ನೀನು ರಾಜನಾಗಬೇಕೆಂದು ದಂಗೆಗೆ ಸಿದ್ಧನಾಗುತ್ತಿದ್ದೀಯೆಂದು ಸುತ್ತಲಿನ ಜನ ಮಾತಾಡಿಕೊಳ್ಳುತ್ತಿದ್ದಾರೆ, ಇದು ಅರಸನ ಕಿವಿಗೂ ಬೀಳುತ್ತದೆ ಎಂದು ಅದರಲ್ಲಿತ್ತು. ಸುಳ್ಳು ಆರೋಪ ಎಷ್ಟು ಸುಡುತ್ತದೆಂದು ಇಲ್ಲಿ ಕೂತಿರುವ ಹಲವರಿಗೆ ಗೊತ್ತು. ನೆಹೆಮೀಯ ಅದಕ್ಕೆ ಕೊಟ್ಟ ಉತ್ತರ ಒಂದೇ ವಾಕ್ಯದ್ದು: ನೀನು ಹೇಳುವಂಥದ್ದು ಯಾವುದೂ ನಡೆದಿಲ್ಲ, ಇದು ನಿನ್ನ ಕಲ್ಪನೆ. ಅದಾದ ಮೇಲೆ ಅವನು ಮಾತಾಡಿದ್ದು ದೇವರ ಹತ್ತಿರ. ನನ್ನ ಕೈಗಳನ್ನು ಬಲಪಡಿಸು ಎಂದ. ನನ್ನ ಹೆಸರನ್ನು ಕಾಪಾಡು ಎಂದು ಕೇಳಬಹುದಿತ್ತು. ಕೇಳಿದ್ದು ಕೆಲಸ ಮಾಡುವ ಕೈಗಳಿಗಾಗಿ.

ಇವತ್ತಿನ ಓನೋ ಬಯಲು ಬಹಳ ಸಲ ನಮ್ಮ ಫೋನಿನಲ್ಲೇ ಇರುತ್ತದೆ. ಶನಿವಾರ ರಾತ್ರಿ ಹನ್ನೊಂದು ಗಂಟೆ. ಮರುದಿನದ ಸಂದೇಶಕ್ಕೆ ಇನ್ನೂ ಸಿದ್ಧತೆಯಾಗಿಲ್ಲ. ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ಪಾಸ್ಟರರ ಬಗ್ಗೆ ಏನೋ ಹಾಕಿದ್ದಾರೆ. ಪಾಸ್ಟರ್ ಉತ್ತರ ಟೈಪ್ ಮಾಡುತ್ತಾರೆ, ಅಳಿಸುತ್ತಾರೆ, ಮತ್ತೆ ಟೈಪ್ ಮಾಡುತ್ತಾರೆ, ಯಾರು ಓದಿದರು, ಯಾರು ಹೆಬ್ಬೆರಳು ತೋರಿಸಿದರು ಎಂದು ನೋಡುತ್ತಾರೆ. ಒಂದು ಗಂಟೆಯಾಗುತ್ತದೆ. ಸತ್ಯವೇದ ಪಕ್ಕದಲ್ಲಿ ಮುಚ್ಚಿಕೊಂಡೇ ಇರುತ್ತದೆ. ಬೆಳಿಗ್ಗೆ ಅವರು ಪೀಠಕ್ಕೆ ಹೋಗುವಾಗ ಮನಸ್ಸಿನಲ್ಲಿರುವುದು ಆ ಒಬ್ಬರ ಮುಖ. ಎದುರಿಗೆ ಕೂತಿರುವ ಉಳಿದವರೆಲ್ಲ ವಾಕ್ಯಕ್ಕಾಗಿ ಹಸಿದು ಬಂದಿರುತ್ತಾರೆ. ಆರೋಪ ಗಂಭೀರವಾಗಿದ್ದರೆ ಉತ್ತರಿಸಲೇಬೇಕು, ಹಿರಿಯರ ಮುಂದೆ, ಲೆಕ್ಕಪತ್ರ ಇಟ್ಟುಕೊಂಡು. ನೆಹೆಮೀಯನೂ ಉತ್ತರ ಕೊಟ್ಟ. ಕೊಟ್ಟು ಮತ್ತೆ ಗೋಡೆಗೆ ಹೋದ.

ಕಡೆಯ ಪ್ರಯತ್ನ ಎಲ್ಲಕ್ಕಿಂತ ಅಪಾಯದ್ದು. ಶೆಮಾಯನೆಂಬವನು ಪ್ರವಾದನೆಯ ರೂಪದಲ್ಲಿ ಹೇಳಿದ: ರಾತ್ರಿ ನಿನ್ನನ್ನು ಕೊಲ್ಲಲು ಬರುತ್ತಾರೆ, ದೇವಾಲಯದ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳೋಣ. ಬಾಯಲ್ಲಿ ದೇವರ ಹೆಸರು, ಮಾತಿನಲ್ಲಿ ಕಾಳಜಿ. ನೆಹೆಮೀಯ ಇದು ದೇವರಿಂದ ಬಂದದ್ದಲ್ಲವೆಂದು ಹೇಗೆ ಕಂಡುಕೊಂಡ? ಯಾಜಕನಲ್ಲದವನು ಪವಿತ್ರಸ್ಥಾನದೊಳಗೆ ನುಗ್ಗುವುದು ಧರ್ಮಶಾಸ್ತ್ರಕ್ಕೆ ವಿರುದ್ಧ. ದೇವರು ಕೊಟ್ಟ ಆಜ್ಞೆಯನ್ನು ಮುರಿಯಲು ದೇವರೇ ಪ್ರವಾದನೆ ಕಳಿಸುವುದಿಲ್ಲ. ಶೆಮಾಯನಿಗೆ ಟೋಬೀಯನೂ ಸನ್ಬಲ್ಲಟನೂ ಹಣ ಕೊಟ್ಟಿದ್ದರೆಂದು ಅವನಿಗೆ ತಿಳಿದುಬಂತು. “ಕರ್ತನು ನನಗೆ ತೋರಿಸಿದ್ದಾನೆ” ಎಂದು ಹೇಳಿ ನಿಮ್ಮನ್ನು ಭಯದಿಂದ ಓಡಿಸುವ ಮಾತು ಬಂದಾಗ ಅದನ್ನು ವಾಕ್ಯದ ಪಕ್ಕದಲ್ಲಿಟ್ಟು ನೋಡಿ. ಹೇಳಿದವರು ದೊಡ್ಡ ಸೇವಕರೆಂಬ ಕಾರಣಕ್ಕೆ ಆ ಪರೀಕ್ಷೆಯನ್ನು ಬಿಡಬೇಡಿ.

ಎಲೂಲ್ ತಿಂಗಳ 25ನೆಯ ದಿನ, 52 ದಿನಗಳಲ್ಲಿ ಗೋಡೆ ಮುಗಿಯಿತು. ಅಲ್ಲಿಗೆ ವಿರೋಧ ಮುಗಿಯಲಿಲ್ಲ. ಹದಿಮೂರನೆಯ ಅಧ್ಯಾಯದಲ್ಲಿ, ನೆಹೆಮೀಯ ಅರಸನ ಬಳಿಗೆ ಹೋಗಿದ್ದಾಗ, ಯಾಜಕನಾದ ಎಲ್ಯಾಷೀಬ ತನ್ನ ನಂಟನಾದ ಅದೇ ಟೋಬೀಯನಿಗೆ ದೇವಾಲಯದ ಪ್ರಾಕಾರದಲ್ಲಿ ಒಂದು ದೊಡ್ಡ ಕೊಠಡಿ ಬಿಟ್ಟುಕೊಟ್ಟ. ಧಾನ್ಯ, ಧೂಪ, ಎಣ್ಣೆ, ಲೇವಿಯರಿಗೆ ಸಲ್ಲುವ ದಶಮಾಂಶ ಇಡುತ್ತಿದ್ದ ಕೊಠಡಿ ಅದು. ಲೇವಿಯರಿಗೆ ಪಾಲು ಸಿಗದೆ ಅವರು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು. ನೆಹೆಮೀಯ ಬಂದವನೇ ಟೋಬೀಯನ ಮನೆಸಾಮಾನನ್ನೆಲ್ಲ ಹೊರಗೆ ಎಸೆದ, ಕೊಠಡಿಗಳನ್ನು ಶುದ್ಧಮಾಡಿಸಿದ, ಧಾನ್ಯವನ್ನೂ ಧೂಪವನ್ನೂ ಮತ್ತೆ ಒಳಗಿಡಿಸಿದ. ಗೋಡೆ ದಾಟಲಾಗದವನು ನಂಟಸ್ತಿಕೆಯ ದಾರಿಯಲ್ಲಿ ಬಂದು ಒಳಗೇ ಬಿಡಾರ ಹೂಡಿದ್ದ. ಹೋರಾಟದ ದಿನಗಳಲ್ಲಿ ಎಚ್ಚರವಾಗಿದ್ದವರು ಗೆದ್ದ ಮೇಲಿನ ವರ್ಷಗಳಲ್ಲಿ ಮೈಮರೆಯುವುದನ್ನು ನಾನು ಹೆಚ್ಚು ಕಂಡಿದ್ದೇನೆ.

ಇನ್ನೊಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಬರುವ ಅಡ್ಡಿಯೆಲ್ಲ ಸೈತಾನನದೇ? ಅಪೊಸ್ತಲನಾದ ಪೌಲನ ಪ್ರಯಾಣದಲ್ಲೇ ಮೂರು ಬಗೆಯ ಅಡ್ಡಿಗಳಿವೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಆಸ್ಯ ಸೀಮೆಯಲ್ಲಿ ವಾಕ್ಯ ಸಾರದಂತೆ ಪವಿತ್ರಾತ್ಮನು ತಡೆದನು, ಬಿಥೂನ್ಯಕ್ಕೆ ಹೋಗಲು ಯೇಸುವಿನ ಆತ್ಮನು ಬಿಡಲಿಲ್ಲ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ, ನಿಮ್ಮ ಬಳಿಗೆ ಬರಬೇಕೆಂದಿದ್ದೆವು, ಸೈತಾನನು ಅಡ್ಡಿಮಾಡಿದನು ಎನ್ನುತ್ತಾನೆ. ರೋಮದವರಿಗೆ ಬರೆಯುವಾಗ, ಕ್ರಿಸ್ತನ ಹೆಸರು ಕೇಳಿರದ ಕಡೆಗಳಲ್ಲಿ ಕೆಲಸವಿತ್ತು, ಅದರಿಂದಲೇ ಬರಲಾಗಲಿಲ್ಲ ಎನ್ನುತ್ತಾನೆ. ಒಂದನ್ನು ದೇವರು ತಡೆದದ್ದು, ಒಂದನ್ನು ಸೈತಾನ ತಡೆದದ್ದು, ಒಂದಕ್ಕೆ ಬರೀ ಕೆಲಸದ ಒತ್ತಡ. ಪೌಲನು ಮೂರಕ್ಕೂ ಒಂದೇ ಹೆಸರು ಹಚ್ಚಲಿಲ್ಲ. ಎಲ್ಲವನ್ನೂ ಸೈತಾನನ ತಲೆಗೆ ಕಟ್ಟಿದರೆ ದೇವರು ಮುಚ್ಚಿದ ಬಾಗಿಲನ್ನು ಗುದ್ದುತ್ತಾ ವರ್ಷಗಳನ್ನು ಕಳೆಯುತ್ತೇವೆ. ಎಲ್ಲವನ್ನೂ ದೇವರ ಚಿತ್ತ ಎಂದರೆ ನಿಂತು ಎದುರಿಸಬೇಕಾದ ಕಡೆ ಕೈಕಟ್ಟಿ ಕೂರುತ್ತೇವೆ.

ಬೇರ್ಪಡಿಸಿ ತಿಳಿಯುವುದು ಹೇಗೆ? ಬಹಳ ಸಲ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ತ್ರೋವದಲ್ಲಿ ಮಕೆದೋನ್ಯದವನ ದರ್ಶನ ಕಂಡ ಮೇಲೆ ಪೌಲನೊಬ್ಬನೇ ತೀರ್ಮಾನಿಸಲಿಲ್ಲ, ಜೊತೆಯಲ್ಲಿದ್ದವರೂ ಸೇರಿ ದೇವರು ಕರೆದಿದ್ದಾನೆಂದು ನಿಶ್ಚಯಿಸಿಕೊಂಡರು. ನಾನು ಕೊಡಬಲ್ಲ ಬುದ್ಧಿಮಾತು ಅಷ್ಟೇ: ಒಬ್ಬರೇ ಕೂತು ಈ ಪ್ರಶ್ನೆಯನ್ನು ಬಗೆಹರಿಸಬೇಡಿ.

ಟೀಕೆ ಮಾಡುವವರನ್ನೆಲ್ಲ ಸೈತಾನನ ಕಡೆಯವರೆಂದು ಕರೆಯುವ ರೂಢಿಯ ಬಗ್ಗೆಯೂ ಖಂಡಿತವಾಗಿ ಹೇಳಬೇಕು. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಂದಿಗೆ ಊಟಮಾಡುವುದನ್ನು ಬಿಟ್ಟು ಹಿಂಜರಿದಾಗ ಪೌಲನು ಎಲ್ಲರ ಎದುರಿನಲ್ಲೇ ಮುಖಾಮುಖಿ ಗದರಿಸಿದ. ಪೇತ್ರನು ಅದನ್ನು ಆತ್ಮಿಕ ದಾಳಿ ಎಂದು ಕರೆದ ಉಲ್ಲೇಖ ಎಲ್ಲೂ ಇಲ್ಲ. ಪೇತ್ರನ ಎರಡನೆಯ ಪತ್ರದ ಕೊನೆಯಲ್ಲಿ ಪೌಲನು “ಪ್ರಿಯ ಸಹೋದರ”ನಾಗಿಯೇ ಬರುತ್ತಾನೆ. ಅದೇ ಪೇತ್ರನು ಮೊದಲ ಪತ್ರದಲ್ಲಿ, ನಿಮ್ಮಲ್ಲಿ ಯಾರೂ ಕೊಲೆಗಾರನಾಗಿಯೋ ಕಳ್ಳನಾಗಿಯೋ ಪರಕಾರ್ಯಗಳಲ್ಲಿ ತಲೆಹಾಕುವವನಾಗಿಯೋ ಬಾಧೆಪಡಬಾರದು ಎಂದು ಎಚ್ಚರಿಸುತ್ತಾನೆ. ನಮ್ಮ ತಪ್ಪಿಗೆ ಬಂದ ಫಲವನ್ನು ಹಿಂಸೆ ಎಂದು ಕರೆದುಕೊಳ್ಳುವ ಹಕ್ಕು ನಮಗಿಲ್ಲ. ಪ್ರಶ್ನೆ ಕೇಳಿದ ವಿಶ್ವಾಸಿಗೆ “ದೇವರ ಅಭಿಷಿಕ್ತನನ್ನು ಮುಟ್ಟಬೇಡ” ಎಂದು ಬಾಯಿ ಮುಚ್ಚಿಸುವ ನಾಯಕ ಕರೆಗೆ ನಂಬಿಗಸ್ತನಾಗಿಲ್ಲ. ಅವನು ಕರೆಯ ಮರೆಯಲ್ಲಿ ಅಡಗಿದ್ದಾನೆ.

ಇದಕ್ಕೆ ಎದುರಾದದ್ದೂ ಇದೆ. ಪ್ರೀತಿಸುವವರ ಬಾಯಿಂದಲೇ ವಿರೋಧ ಬರಬಹುದು. ಯೇಸು ಶಿಲುಬೆಯ ಮಾತೆತ್ತಿದಾಗ ಪೇತ್ರನು ಆತನನ್ನು ಪಕ್ಕಕ್ಕೆ ಕರೆದು, ನಿನಗೆ ಹಾಗಾಗಬಾರದು ಎಂದ. ದ್ವೇಷದಿಂದ ಹೇಳಿದ್ದಲ್ಲ. ಆದರೂ ಯೇಸು ಅದರೊಳಗೆ ಅರಣ್ಯದಲ್ಲಿ ಕೇಳಿದ ಸೈತಾನನ ದನಿಯನ್ನೇ ಕೇಳಿದನು, ಪೇತ್ರನನ್ನು ಕಟುವಾಗಿ ಗದರಿಸಿದನು. ಗದರಿಸಿ ಅವನನ್ನು ಶಿಷ್ಯರ ಗುಂಪಿನಿಂದ ಹೊರಗೆ ಹಾಕಲಿಲ್ಲ. ಆರು ದಿನಗಳ ಮೇಲೆ ಬೆಟ್ಟಕ್ಕೆ ಕರೆದುಕೊಂಡು ಹೋದ ಮೂವರಲ್ಲಿ ಅವನೂ ಒಬ್ಬ. ನಿಮ್ಮ ಮನೆಯವರು, ಈ ಸೇವೆ ಬೇಡ, ನಿನ್ನ ಆರೋಗ್ಯ ನೋಡಿಕೋ ಎಂದಾಗ ಆ ಮಾತನ್ನು ತೂಗಿ ನೋಡಿ. ಅದರಲ್ಲಿ ನಿಜವಿರಬಹುದು. ನಿಜವಿಲ್ಲದಿದ್ದರೂ ಅವರು ನಿಮ್ಮ ವೈರಿಗಳಲ್ಲ.

ಎಫೆಸದಲ್ಲಿ ಪೌಲನು ಇದ್ದದ್ದು ಸುಮಾರು ಮೂರು ವರ್ಷ. ಅಲ್ಲಿಂದ ಕೊರಿಂಥದವರಿಗೆ ಬರೆಯುತ್ತಾ, ದೊಡ್ಡ ಬಾಗಿಲು ತೆರೆದಿದೆ, ವಿರೋಧಿಗಳೂ ಬಹಳ ಮಂದಿ ಇದ್ದಾರೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಆದ್ದರಿಂದ ಪಂಚಾಶತ್ತಮದ ಹಬ್ಬದವರೆಗೆ ಇಲ್ಲೇ ಇರುತ್ತೇನೆ ಎನ್ನುತ್ತಾನೆ. ಸಭಾಮಂದಿರದಲ್ಲಿ ಮೂರು ತಿಂಗಳು ಮಾತಾಡಿದ ಮೇಲೆ ಕೆಲವರು ಮೊಂಡತನದಿಂದ ನಿಂದಿಸತೊಡಗಿದರು. ಅವನು ಅಲ್ಲಿ ಜಗಳಕ್ಕೆ ನಿಲ್ಲದೆ ತುರನ್ನನ ತರ್ಕಶಾಲೆಗೆ ಹೋಗಿ ಎರಡು ವರ್ಷ ದಿನವೂ ಬೋಧಿಸಿದ. ಮಂತ್ರತಂತ್ರ ಮಾಡುತ್ತಿದ್ದವರು ನಂಬಿ ತಮ್ಮ ಪುಸ್ತಕಗಳನ್ನು ತಾವೇ ತಂದು ಸುಟ್ಟರು. ಅವುಗಳ ಬೆಲೆ 50,000 ಬೆಳ್ಳಿ ನಾಣ್ಯ. ಆಮೇಲೆ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ದೇಮೇತ್ರಿಯ ತನ್ನ ಕಸುಬಿನವರನ್ನು ಸೇರಿಸಿದ. ಅವನು ಮೊದಲು ಎತ್ತಿದ ಮಾತು ವ್ಯಾಪಾರದ್ದು, ದೇವಿಯ ಗೌರವ ಅದರ ಹಿಂದೆ ಬಂತು. ಊರೆಲ್ಲ ಎದ್ದು ರಂಗಮಂದಿರಕ್ಕೆ ನುಗ್ಗಿತು. ಆ ರಂಗಮಂದಿರದ ಅವಶೇಷ ಈಗಿನ ಟರ್ಕಿಯಲ್ಲಿ ಇನ್ನೂ ಇದೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವಷ್ಟು ದೊಡ್ಡದು. ಎರಡು ತಾಸು ಒಂದೇ ಕೂಗು, ಎಫೆಸದವರ ಅರ್ತೆಮೀದೇವಿ ದೊಡ್ಡವಳು ಎಂದು. ಕೂಡಿದವರಲ್ಲಿ ಹೆಚ್ಚಿನವರಿಗೆ ಯಾತಕ್ಕೆ ಕೂಡಿದ್ದೇವೆಂಬುದೇ ತಿಳಿದಿರಲಿಲ್ಲ ಎಂದು ಲೂಕನು ಬರೆಯುತ್ತಾನೆ.

ಪೌಲನಿಗೆ ಒಳಗೆ ಹೋಗಬೇಕೆಂಬ ಆಸೆ. ಶಿಷ್ಯರು ಬಿಡಲಿಲ್ಲ. ಆಸ್ಯ ಸೀಮೆಯ ಅಧಿಕಾರಿಗಳಲ್ಲಿ ಅವನ ಸ್ನೇಹಿತರಾಗಿದ್ದವರೂ ಹೋಗಬೇಡ ಎಂದು ಹೇಳಿ ಕಳಿಸಿದರು. ಅವನು ಕೇಳಿದ. ಜನರನ್ನು ಸಮಾಧಾನ ಮಾಡಿ ಮನೆಗೆ ಕಳಿಸಿದ್ದು ಸಭೆಗೆ ಸೇರದ ಒಬ್ಬ ನಗರಾಧಿಕಾರಿ. ದೂರಿದ್ದರೆ ನ್ಯಾಯಸ್ಥಾನವಿದೆ, ಅಲ್ಲಿಗೆ ಹೋಗಿ ಎಂದ. ದೇವರು ಕಾಯುವಾಗ ದೇವದೂತನನ್ನೇ ಕಳಿಸಬೇಕೆಂದಿಲ್ಲ. ಕಾನೂನು ಬಲ್ಲ, ಸಮಾಧಾನದ ಮನುಷ್ಯನೊಬ್ಬನಿಂದಲೂ ಕಾಯುತ್ತಾನೆ.

ಎಫೆಸದವರಿಗೆ ಬರೆದ ಪತ್ರದ ಕೊನೆಯಲ್ಲಿ, ನಮ್ಮ ಹೋರಾಟ ಮನುಷ್ಯಮಾತ್ರದವರ ಸಂಗಡವಲ್ಲ, ದುರಾತ್ಮಗಳ ಸೇನೆಯ ಮೇಲೆ ಎಂಬ ಮಾತು ಬರುತ್ತದೆ. ಇದನ್ನು ಬರೆದವನು ಬೇಡಿಯಲ್ಲಿದ್ದ. ಬೇಡಿ ಹಾಕಿದವರು ಕಣ್ಣೆದುರಿಗೆ ಕಾಣುವ ಮನುಷ್ಯರು. ಆದರೂ ಅವರು ತನ್ನ ವೈರಿಗಳೆಂದು ಅವನು ಎಣಿಸಲಿಲ್ಲ. ನನಗಾಗಿ ಪ್ರಾರ್ಥಿಸಿ ಎಂದು ಅವನು ಕೇಳಿದ್ದು ಬಿಡುಗಡೆಗಾಗಿ ಅಲ್ಲ, ಸುವಾರ್ತೆಯನ್ನು ಧೈರ್ಯವಾಗಿ ಹೇಳುವುದಕ್ಕಾಗಿ. ನಮ್ಮನ್ನು ವಿರೋಧಿಸುವವರನ್ನು ನಾವು ದ್ವೇಷಿಸತೊಡಗಿದ ದಿನ ನಾವು ಯಾವ ಸುವಾರ್ತೆಯನ್ನು ಸಾರಲು ಕರೆಯಲ್ಪಟ್ಟಿದ್ದೇವೋ ಅದನ್ನೇ ಬಿಟ್ಟಿರುತ್ತೇವೆ. ಸ್ತೆಫನನಿಗೆ ಕಲ್ಲೆಸೆಯುತ್ತಿದ್ದವರ ಬಟ್ಟೆಗಳು ಯಾರ ಕಾಲ ಬಳಿ ಇದ್ದವೆಂಬುದನ್ನು ಮರೆಯಬಾರದು. ಆ ಬಟ್ಟೆಗಳ ಬಳಿ ಇದ್ದ ಸೌಲನೇ ಆಮೇಲೆ ಪೌಲನಾಗಿ ಈ ಪತ್ರವನ್ನು ಬರೆದವನು.

ದಣಿವಿನ ಬಗ್ಗೆ ಒಂದಿಷ್ಟು. ಕರ್ಮೆಲ್ ಬೆಟ್ಟದಲ್ಲಿ ಬೆಂಕಿ ಇಳಿಸಿದ ಪ್ರವಾದಿ ಎಲೀಯ ರಾಣಿ ಈಜೆಬೆಲಳ ಒಂದು ಬೆದರಿಕೆಯ ಸಂದೇಶಕ್ಕೆ ಓಡಿದ. ಜಾಲೀಗಿಡದ ಕೆಳಗೆ ಕೂತು ಸಾವನ್ನು ಬೇಡಿದ. ದೇವರು ಅವನಿಗೆ ಆಗ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು, ನಿದ್ರೆ. ಮತ್ತೆ ಎಬ್ಬಿಸಿ ಮತ್ತೆ ಊಟ. ಮಾತುಕತೆ ನಡೆದದ್ದು 40 ದಿನಗಳ ನಡಿಗೆಯಾದ ಮೇಲೆ, ಹೋರೇಬಿನಲ್ಲಿ. ನಾನೊಬ್ಬನೇ ಉಳಿದಿದ್ದೇನೆ ಎಂದವನಿಗೆ ಬಾಳನೆಂಬ ದೇವತೆಗೆ ಅಡ್ಡಬೀಳದ 7,000 ಮಂದಿ ಇದ್ದಾರೆಂದು ತಿಳಿಯಿತು, ಮಾಡಬೇಕಾದ ಕೆಲಸ ಸಿಕ್ಕಿತು, ಜೊತೆಗೆ ಎಲೀಷನೂ ಸಿಕ್ಕಿದ. ನಿದ್ದೆಗೆಟ್ಟು, ಊಟಬಿಟ್ಟು, ರಜೆಯೆಂಬುದೇ ಇಲ್ಲದೆ ದುಡಿದು ಕುಸಿದ ಸೇವಕರಿಗೆ “ನಿಮ್ಮ ವಿಶ್ವಾಸ ಸಾಲದು” ಎಂದು ಹೇಳುವವರು ಈ ಅಧ್ಯಾಯವನ್ನು ಇನ್ನೊಮ್ಮೆ ಓದಲಿ. ಮನಸ್ಸು ತುಂಬ ಕುಗ್ಗಿದ್ದರೆ, ಎಲೀಯನಂತೆ ಸಾವಿನ ಯೋಚನೆ ಬರುತ್ತಿದ್ದರೆ, ಇಂದೇ ಯಾರಿಗಾದರೂ ಹೇಳಿ, ವೈದ್ಯರ ಬಳಿಗೂ ಹೋಗಿ. ಅದು ಅವಿಶ್ವಾಸವಲ್ಲ.

ಫಲ ಕಾಣದಿರುವುದೂ ಒಂದು ವಿರೋಧವೇ. 1793ರಲ್ಲಿ ಬಂಗಾಳಕ್ಕೆ ಬಂದ ಇಂಗ್ಲೆಂಡಿನ ಮಿಷನರಿ ವಿಲಿಯಂ ಕೇರಿ ಅಲ್ಲಿನ ಮೊದಲ ವಿಶ್ವಾಸಿ ಕೃಷ್ಣ ಪಾಲನಿಗೆ ದೀಕ್ಷಾಸ್ನಾನ ಮಾಡಿಸಿದ್ದು 1800ರ ಡಿಸೆಂಬರ್ ಕೊನೆಯಲ್ಲಿ. ಏಳು ವರ್ಷ ಕಾಯಬೇಕಾಯಿತು. 1812ರ ಮಾರ್ಚ್ 11ರಂದು ಸೆರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ವರ್ಷಗಟ್ಟಲೆ ಮಾಡಿದ್ದ ಅನುವಾದಗಳ ಹಸ್ತಪ್ರತಿ, ಬಹುಭಾಷಾ ನಿಘಂಟು, ಕಾಗದ, ಅಚ್ಚಿನ ಮೊಳೆಗಳು ಹಾಳಾದವು. ಕರಗಿದ ಲೋಹವನ್ನು ಅವಶೇಷದಿಂದ ತೆಗೆದು ಮತ್ತೆ ಮೊಳೆ ಎರಕ ಹೊಯ್ದರು. ಸುಟ್ಟುಹೋದ ಅನುವಾದಗಳ ಕೆಲಸ ಮತ್ತೆ ಶುರುವಾಯಿತು. ಈ ಕಥೆಯನ್ನು ನಾವು ಇಷ್ಟಪಟ್ಟು ಹೇಳುತ್ತೇವೆ. ಹೇಳುವಾಗ ಕೇರಿಯ ಹೆಂಡತಿ ಡೊರೊಥಿಯನ್ನೂ ಹೇಳಬೇಕು. ಅವರು ಮೊದಲು ಬರಲು ಒಪ್ಪಿರಲಿಲ್ಲ. ಬಂದ ಮರುವರ್ಷವೇ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಮನೋರೋಗಕ್ಕೆ ಸಿಕ್ಕಿದ ಡೊರೊಥಿ 1807ರಲ್ಲಿ ಸಾಯುವವರೆಗೂ ಚೇತರಿಸಿಕೊಳ್ಳಲಿಲ್ಲ. ಕೇರಿಯ ತಾಳ್ಮೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ನಮ್ಮ ಕರೆಯ ಬೆಲೆಯನ್ನು ಮನೆಯವರಿಂದ ತೆರಿಸಿ ಅದನ್ನು ನಮ್ಮ ಶಿಲುಬೆ ಎಂದು ಕರೆಯಬಾರದು. ಹೆಂಡತಿ, ಗಂಡ, ಮಕ್ಕಳು ನಮಗೆ ದೇವರು ಒಪ್ಪಿಸಿದವರೇ ಅಲ್ಲವೇ?

ಕೊನೆಗೆ ಯೇಸುವಿನ ಬಳಿಗೆ ಬರಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಕೇಳಿ ನೀವು ಭಾರ ಹೊತ್ತುಕೊಂಡೇ ಹೋಗುತ್ತೀರಿ. ಯೊರ್ದನಿನಲ್ಲಿ, ಇವನು ಪ್ರಿಯನಾಗಿರುವ ನನ್ನ ಮಗನು ಎಂಬ ದನಿ ಕೇಳಿಸಿತು. ಅರಣ್ಯದಲ್ಲಿ ಸೈತಾನನ ಮೊದಲ ಮಾತು, ನೀನು ದೇವರ ಮಗನಾಗಿದ್ದರೆ ಎಂಬುದು. ಗಮನಿಸಿ, ಆಗ ಯೇಸು ಇನ್ನೂ ಒಂದು ಪ್ರಸಂಗ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ತಂದೆಯ ಮೆಚ್ಚಿಕೆ ಕೆಲಸಕ್ಕಿಂತ ಮುಂಚೆ ಬಂದಿತ್ತು. ಯೇಸು ಅದನ್ನು ಸಾಬೀತುಪಡಿಸಲು ಹೋಗಲಿಲ್ಲ, ಧರ್ಮೋಪದೇಶಕಾಂಡದ ಮಾತುಗಳಿಂದ ಮೂರು ಸಲ ಉತ್ತರಿಸಿದನು. ಅದೇ ಮಾತು ಶಿಲುಬೆಯ ಕೆಳಗೆ ಮತ್ತೆ ಬಂತು: ನೀನು ದೇವರ ಮಗನಾಗಿದ್ದರೆ ಶಿಲುಬೆಯಿಂದ ಇಳಿದು ಬಾ. ಇಳಿಯುವ ಶಕ್ತಿ ಆತನಿಗಿತ್ತು. ಇಳಿಯಲಿಲ್ಲ. ನಮ್ಮ ರಕ್ಷಣೆ ನಿಂತಿರುವುದು ಆತನು ಇಳಿಯದೆ ಇದ್ದದ್ದರ ಮೇಲೆ. ನಮ್ಮ ನಂಬಿಗಸ್ತಿಕೆಗೂ ಬೇರೆ ಅಡಿಪಾಯವಿಲ್ಲ.

ಅದರ ಹಿಂದಿನ ರಾತ್ರಿ ಯೇಸು ಸೀಮೋನನಿಗೆ, ಅಂದರೆ ಪೇತ್ರನಿಗೆ, ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ, ನಿನ್ನ ನಂಬಿಕೆ ಕುಂದಿಹೋಗದಂತೆ ನಾನು ನಿನಗಾಗಿ ಪ್ರಾರ್ಥಿಸಿದ್ದೇನೆ, ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದನು. ಕೆಲವೇ ತಾಸುಗಳಲ್ಲಿ ಪೇತ್ರನು ಮೂರು ಸಲ ಅಲ್ಲಗಳೆದ. ಆ ಪ್ರಾರ್ಥನೆ ವ್ಯರ್ಥವಾಯಿತೇ? ಪೇತ್ರನು ಬಿದ್ದ, ಅತ್ತ, ತಿರುಗಿಕೊಂಡ, ಪಂಚಾಶತ್ತಮದ ದಿನ ಎದ್ದು ನಿಂತು ಸಾರಿದ. ಗೋಡೆಯಿಂದ ಒಮ್ಮೆ ಇಳಿದುಹೋದವರು ಈ ಕೂಟದಲ್ಲಿದ್ದರೆ ಪೇತ್ರನನ್ನು ನೋಡಲಿ, ಮಾರ್ಕನನ್ನೂ ನೋಡಲಿ. ಪೆರ್ಗೆಯಲ್ಲಿ ಪೌಲನನ್ನು ಬಿಟ್ಟು ಹಿಂದಿರುಗಿದವನು ಮಾರ್ಕ. ಅವನ ವಿಷಯದಲ್ಲೇ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣ ವಾಗ್ವಾದವಾಗಿ ಇಬ್ಬರೂ ಬೇರೆಯಾದರು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ದೇಮನು ಇಹಲೋಕವನ್ನು ಪ್ರೀತಿಸಿ ನನ್ನನ್ನು ಬಿಟ್ಟು ಹೋದ ಎಂದ ಪೌಲನು ಮರುವಾಕ್ಯದಲ್ಲೇ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯುಕ್ತನು ಎನ್ನುತ್ತಾನೆ.

ಕೂಟ ಮುಗಿದ ಮೇಲೆ ಸಹೋದರಿಯೊಬ್ಬರು ಕೇಳಿದರು: ಹಾಗಾದರೆ ಏನೇ ಆದರೂ ಇದ್ದ ಜಾಗದಲ್ಲೇ ಇರಬೇಕೇ? ಅದಕ್ಕೆ ಹೇಳಿದ್ದನ್ನೂ ಇಲ್ಲಿ ಸೇರಿಸುತ್ತೇನೆ.

ಹಾಗೆ ಸತ್ಯವೇದ ಹೇಳುವುದಿಲ್ಲ. ಪೌಲನನ್ನು ದಮಸ್ಕದ ಗೋಡೆಯಿಂದ ಹೆಡಿಗೆಯಲ್ಲಿ ಕೂರಿಸಿ ಇಳಿಸಿದರು. ಥೆಸಲೋನಿಕದಿಂದ ಸಹೋದರರು ಅವನನ್ನು ರಾತ್ರೋರಾತ್ರಿ ಕಳಿಸಿಬಿಟ್ಟರು. ಈ ಊರಲ್ಲಿ ಹಿಂಸಿಸಿದರೆ ಮತ್ತೊಂದು ಊರಿಗೆ ಓಡಿಹೋಗಿ ಎಂದು ಕರ್ತನೇ ಶಿಷ್ಯರಿಗೆ ಹೇಳಿದ್ದಾನೆ. ದಮಸ್ಕವನ್ನು ಬಿಟ್ಟ ಪೌಲನು ಸಾರುವುದನ್ನು ಬಿಡಲಿಲ್ಲ. ಯೆರೂಸಲೇಮಿಗೆ ಹೋಗಿ ಅಲ್ಲೂ ಅದನ್ನೇ ಮಾಡಿದ. ಸಭೆಯೊಳಗೆ ದೌರ್ಜನ್ಯ ನಡೆಯುತ್ತಿದ್ದರೆ, ಮಕ್ಕಳಿಗೋ ನಿಮಗೋ ಅಪಾಯವಿದ್ದರೆ, ಅಲ್ಲಿಂದ ಹೊರಬನ್ನಿ. ಅಪರಾಧವಾಗಿದ್ದರೆ ಪೊಲೀಸರಿಗೆ ದೂರು ಕೊಡಿ. ಸಹಿಸಿಕೊಂಡಿರುವುದೇ ನಂಬಿಗಸ್ತಿಕೆ ಎಂದು ನಿಮಗೆ ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ. ಅಪಾಯವೇನೂ ಇಲ್ಲದೆ ಬರೀ ಬೇಸರ, ಅವಮಾನ, ಫಲ ಕಾಣದ ನಿರಾಶೆಯಿಂದ ಹೊರಡುವ ಮನಸ್ಸಾಗಿದ್ದರೆ ಮಾತ್ರ ನಿಮ್ಮನ್ನು ಬಲ್ಲ ಇಬ್ಬರು ಮೂವರು ಪಕ್ವ ವಿಶ್ವಾಸಿಗಳ ಜೊತೆ ಕೂತು ಪ್ರಾರ್ಥಿಸಿ, ಮಾತಾಡಿ, ಆಮೇಲೆ ನಿರ್ಧರಿಸಿ. ಆ ಸಹೋದರಿ ಮತ್ತೆ, ಅಂಥ ಇಬ್ಬರು ಮೂವರು ನನಗಿಲ್ಲ ಎಂದರು. ಹಿರಿಯರು ಅಂದೇ ಅವರ ಜೊತೆ ಕೂರಲು ಇಬ್ಬರು ಸಹೋದರಿಯರನ್ನು ಗೊತ್ತುಮಾಡಿದರು.